ದಡ ಸೇರಿಸುವವರಿಗೂ ಬೇಕು ಸ್ಥಿತಿಕರಣ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದು ಸ್ಥಿತಿಕರಣ. ಜಾರುತ್ತಿರುವವನ ಕೈಹಿಡಿದು ಮತ್ತೆ ನೆಲೆಯಲ್ಲಿ ನಿಲ್ಲಿಸುವುದೇ ಅದು. ಜಾರುವುದೆಂದೊಡನೆ ವ್ರತಭಂಗವೋ ದುರಭ್ಯಾಸವೋ ನೆನಪಾಗುತ್ತದೆ. ಪರರ ಪ್ರಾಣ ಕಾಯುವ ಕೆಲಸದಲ್ಲೇ ಒಳಗೊಳಗೆ ಕುಸಿದವರು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಂಡಗದ್ದೆಯಲ್ಲಿ ತುಂಗೆ ಹೆದ್ದಾರಿಯ ಮಗ್ಗುಲಲ್ಲೇ ಹರಿಯುತ್ತಾಳೆ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ನಡುಗಡ್ಡೆಯ ಮರಗಳ ಬುಡವನ್ನು ನೀರು ಮುಚ್ಚುತ್ತದೆ. ಆ ದಿನಗಳಲ್ಲಿ ಜೈನ ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸಕ್ಕೆ ಕುಳಿತಿರುತ್ತಾರೆ; ಹಸಿನೆಲದ ಸೂಕ್ಷ್ಮಜೀವಿಗಳಿಗೆ ಬಾಧೆಯಾಗಬಾರದೆಂಬ ಕರುಣೆ ಅದಕ್ಕೆ ಕಾರಣ. ಅದೇ ಕರುಣೆ ಬೇರೆ ಕೆಲವರನ್ನು ಮನೆಯಿಂದ ಹೊರಡಿಸುತ್ತದೆ. ನದಿಗಿಳಿದವನು ಮೇಲೆ ಬಾರದಿದ್ದರೆ, ಕಾಡಿನ ತಿರುವಿನಲ್ಲಿ ವಾಹನ ಮಗುಚಿದರೆ, ಅಲ್ಲಿಗೆ ಧಾವಿಸುವವರು ಅಗ್ನಿಶಾಮಕ ದಳದವರು, ಪೊಲೀಸರು, 108ರ ಸಿಬ್ಬಂದಿ ಮತ್ತು ಊರಿನ ಈಜುಗಾರರು.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದಾಗ ಕತ್ತಲಲ್ಲಿ ಅಲ್ಲಿಗೆ ಹೋದವರು ಕಂಡದ್ದು ಸಾಮಾನ್ಯ ದೃಶ್ಯವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿಯ ಪಾಲಾಗಿದ್ದ ಲಾರಿ ದೊರೆತದ್ದು ಸೆಪ್ಟೆಂಬರ್ 25ರಂದು. ನಡುವೆ ನಿಂತು ಮತ್ತೆ ಮೊದಲಾದ ಆ ಶೋಧದಲ್ಲಿ ಕೆಸರುನೀರಿಗೆ ಮುಳುಗೆದ್ದವರ ಹೆಸರು ಕೆಲದಿನ ಸುದ್ದಿಯಲ್ಲಿತ್ತು. ಅವರ ನಿದ್ದೆಯ ಗತಿ ಏನಾಯಿತೆಂದು ಕೇಳಿದವರು ಎಷ್ಟು ಮಂದಿ?

ಇಂಥವರನ್ನು ಹೆಚ್ಚು ಕಾಡುವುದು ಕಂಡ ದೃಶ್ಯಕ್ಕಿಂತ ಒಂದು ಪ್ರಶ್ನೆ: ಇನ್ನೈದು ನಿಮಿಷ ಮೊದಲೇ ತಲುಪಿದ್ದರೆ? ಇದಕ್ಕೆ ಜಿನಶಾಸನದಲ್ಲಿ ನೇರವಾದ ಉತ್ತರವಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪ್ರಾಣಹಾನಿಯೊಂದನ್ನೇ ಹಿಂಸೆಯೆಂದು ಕರೆಯಲಿಲ್ಲ. ಪ್ರಮಾದದಿಂದ ಆದ ಪ್ರಾಣಹಾನಿ ಹಿಂಸೆಯೆಂದರು. ಎಚ್ಚರ ತಪ್ಪದೆ, ಕೈಲಾದುದನ್ನೆಲ್ಲ ಮಾಡಿಯೂ ಉಳಿಸಲಾಗದೆ ಹೋದವನ ಮೇಲೆ ಆ ಸಾವಿನ ದೋಷವಿಲ್ಲ. ಈ ಮಾತನ್ನು ಅವನಿಗೆ ತಲುಪಿಸುವುದು ಶ್ರಾವಕನ ಹೊಣೆ.

ಆದರೆ ಹೇಳುವುದಕ್ಕೂ ಹೊತ್ತುಗೊತ್ತಿದೆ. ‘ಸತ್ತವನ ಆಯುಕರ್ಮ ತೀರಿತ್ತು ಬಿಡಪ್ಪಾ’ ಎಂಬುದು ಸಿದ್ಧಾಂತಕ್ಕೆ ಒಪ್ಪುವ ಮಾತೇ. ಅವನು ಬಾಯಿ ತೆರೆಯುವ ಮೊದಲೇ ಅಂದರೆ ಅದು ಕದ ಮುಚ್ಚಿದಂತೆ. ಅವನ ಕೆಟ್ಟ ಕನಸುಗಳನ್ನು ಆರ್ತಧ್ಯಾನವೆಂದು ದೂಷಿಸುವುದಂತೂ ಗಾಯಕ್ಕೆ ಉಪ್ಪು ಸವರಿದ ಹಾಗೆ. ಅಂದೇ ಎಲ್ಲವನ್ನೂ ಹೇಳಿಬಿಡೆಂದು ಒತ್ತಾಯಿಸುವುದೂ ಹಿತವಲ್ಲವೆಂಬುದು ಮನೋವೈದ್ಯರ ಅಭಿಪ್ರಾಯ. ಸ್ಥಿತಿಕರಣಕ್ಕೆ ಸಮಂತಭದ್ರರು ಹೆಸರಿಸಿದ್ದು ಶ್ರೇಣಿಕನ ಮಗ ವಾರಿಷೇಣನನ್ನು. ದೀಕ್ಷೆ ಪಡೆದೂ ಮಡದಿಯ ನೆನಪಿನಲ್ಲಿ ಕೊರಗುತ್ತಿದ್ದ ಪುಷ್ಪಡಾಲನನ್ನು ಅವನು ಹಳಿದು ದೂರ ತಳ್ಳಲಿಲ್ಲ. ಗೆಳೆಯನ ಮನಸ್ಸು ಸಿಕ್ಕಿಕೊಂಡ ಜಾಗವನ್ನು ಅರಿತು, ತಾನೇ ಜೊತೆಯಾಗಿ ಹೊರಟನು.

ಉಪದೇಶವೊಂದರಿಂದಲೇ ನಿದ್ದೆ ಬಾರದು. ರೋಗಿಯ ಸೇವೆ, ಅಂದರೆ ವೈಯಾವೃತ್ಯ, ಅಂತರಂಗ ತಪಸ್ಸುಗಳಲ್ಲಿ ಒಂದು. ಔಷಧದಾನ, ಅಭಯದಾನಗಳು ಚತುರ್ವಿಧ ದಾನಗಳಲ್ಲಿ ಸೇರಿವೆ. ಮನದ ನೋವಿಗೂ ಔಷಧವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ.

ಇಲಾಖೆಯ ಸಿಬ್ಬಂದಿಗೆ ರಜೆ ಕೇಳಲು ಮೇಲಧಿಕಾರಿಯಾದರೂ ಇದ್ದಾನೆ. ಕರೆದಾಗಲೆಲ್ಲ ಹೊಳೆಗೆ ಧುಮುಕುವ ಊರಿನ ಈಜುಗಾರನಿಗೆ ಯಾವ ಇಲಾಖೆ? ಹೆಣವನ್ನು ದಡಕ್ಕೆ ತಂದು, ಮೈ ಒರೆಸಿಕೊಂಡು, ಮರುದಿನ ಗದ್ದೆಗೆ ಹೋಗುತ್ತಾನೆ. ಚಾತುರ್ಮಾಸದಲ್ಲಿ ಹೊಂಬುಜಕ್ಕೆ ಹೋಗಿಬರುವ ಈ ಸೀಮೆಯ ಶ್ರಾವಕರು ಮೊದಲು ಅಂಥವನ ಮನೆಯ ಜಗಲಿಯಲ್ಲಿ ಕುಳಿತು ಬರಬಹುದು. ನಾಟಿಯ ದಿನಗಳಲ್ಲಿ ಅವನ ಗದ್ದೆಗೆ ಆಳು ಕಳಿಸಬಹುದು. ಶಿವಮೊಗ್ಗದ ಆಸ್ಪತ್ರೆಗೆ ಹೊರಟ ದಿನ ಅವನ ಜೊತೆ ಬಸ್ಸು ಹತ್ತಬಹುದು.