ಲಂಬಾರೆನೆಯ ಮನೆವಾರ್ತೆ

ಅಪರಾತ್ರಿಯಲ್ಲಿ ಕೋಳಿಗಳು ಗಾಬರಿಯಿಂದ ಕೂಗಿಕೊಂಡರೆ ಶ್ವೈಟ್ಜರ್ ದಂಪತಿ ಹಾಸಿಗೆ ಬಿಟ್ಟು ಓಡುತ್ತಿದ್ದರು. ದಂಡುಗಟ್ಟಿ ಸಾಗುವ ಕಾಡಿರುವೆಗಳು ಬಂದಿವೆ ಎಂದೇ ಅದರ ಅರ್ಥ. ಗೂಡಿನ ಬಾಗಿಲು ತೆಗೆಯುವುದು ತಡವಾದರೆ ಒಂದು ಕೋಳಿಯೂ ಉಳಿಯುವುದಿಲ್ಲ. ಮೂಗು, ಬಾಯಿಗಳಿಗೆ ನುಗ್ಗಿ ಉಸಿರು ಕಟ್ಟಿಸಿಬಿಡುತ್ತವೆ. ಡಾಕ್ಟರು ಗೂಡಿನ ಕಡೆ ಓಡಿದರೆ, ಹೆಂಡತಿ ಹೆಲೆನೆ ಗೋಡೆಗೆ ತೂಗುಹಾಕಿದ ಕಹಳೆ ತೆಗೆದು ಮೂರು ಸಲ ಊದುತ್ತಿದ್ದರು. ಆ ಸದ್ದು ಕೇಳಿ ಆಸ್ಪತ್ರೆಯ ಕಡೆಯವರು ಹೊಳೆಯಿಂದ ಬಕೆಟ್‌ಗಳಲ್ಲಿ ನೀರು ಹೊತ್ತು ತರಬೇಕು. ಅದಕ್ಕೆ ಲೈಸಾಲ್ ಎಂಬ ಕ್ರಿಮಿನಾಶಕ ಬೆರೆಸಿ ಮನೆಯ ಸುತ್ತ ಎರಚಬೇಕು. ಅಷ್ಟರಲ್ಲಿ ಇರುವೆಗಳು ಮೈಗೆ ಹತ್ತಿ ಕಚ್ಚಿ ಹಿಡಿದಿರುತ್ತವೆ. ಒಮ್ಮೆ ಡಾಕ್ಟರು ತಮ್ಮ ಮೈಮೇಲೆಯೇ ಐವತ್ತರಷ್ಟು ಎಣಿಸಿದ್ದರಂತೆ. ಇದೆಲ್ಲ ಮುಗಿದ ಮೇಲೂ ಬೆಳಿಗ್ಗೆ ರೋಗಿಗಳು ಬರುವ ಹೊತ್ತಿಗೆ ಇಬ್ಬರೂ ಕೆಲಸಕ್ಕೆ ನಿಂತಿರಬೇಕು.

ಆಲ್ಬರ್ಟ್ ಶ್ವೈಟ್ಜರ್ ಅವರ ಹೆಸರು ಬಂದಾಗ ನಾವು ಸಾಮಾನ್ಯವಾಗಿ ನೆನೆಯುವುದು ಅವರ ತ್ಯಾಗವನ್ನು. ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಹುದ್ದೆ, ಆರ್ಗನ್ ವಾದಕರಾಗಿ ಪಡೆದ ಕೀರ್ತಿ, ಸಂಗೀತ ರಚನಕಾರ ಬಾಖ್ ಕುರಿತು ಬರೆದ ದೊಡ್ಡ ಪುಸ್ತಕ, ಇವೆಲ್ಲ ಕೈಯಲ್ಲಿದ್ದಾಗ ಮೂವತ್ತು ವರ್ಷಕ್ಕೆ ಮತ್ತೆ ವಿದ್ಯಾರ್ಥಿಯಾಗಿ ವೈದ್ಯಕೀಯ ಓದಿ ಆಫ್ರಿಕಾಕ್ಕೆ ಹೋದರು. ಅದು ದೊಡ್ಡ ನಿರ್ಧಾರ, ಅನುಮಾನವಿಲ್ಲ. ಆದರೆ ನಿರ್ಧಾರವನ್ನು ಒಮ್ಮೆ ಮಾಡಿದರೆ ಸಾಕು. ಅದನ್ನು ಉಳಿಸಿಕೊಳ್ಳುವುದಕ್ಕೆ ದಿನಾ ಅಕ್ಕಿ ಅಳೆದು ಕೊಡಬೇಕು, ಕತ್ತರಿ ಕುದಿಸಬೇಕು, ಕೀವು ಹತ್ತಿದ ಬಟ್ಟೆ ಒಗೆಸಬೇಕು. ಅವರ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಈ ಕೆಲಸಗಳ ಕಡೆಗೇ ಹೋಗುತ್ತದೆ.

ಹೆಲೆನೆ ಬ್ರೆಸ್ಲಾವ್ ಇತಿಹಾಸದ ಪ್ರಾಧ್ಯಾಪಕರ ಮಗಳು. ಸ್ಟ್ರಾಸ್‌ಬರ್ಗ್ ನಗರಾಡಳಿತದಲ್ಲಿ ಅನಾಥ ಮಕ್ಕಳ ಮೇಲ್ವಿಚಾರಣೆಯ ಕೆಲಸದಲ್ಲಿದ್ದವರು ಅದನ್ನು ಬಿಟ್ಟು ನರ್ಸಿಂಗ್ ಕಲಿತರು. ಮದುವೆಯಾದದ್ದು 1912ರ ಜೂನ್‌ನಲ್ಲಿ. ಅಂದರೆ ಅವರು ಗಂಡನ ಹಿಂದೆ ಹೋದ ಹೆಂಡತಿಯಲ್ಲ. ಹೋಗುವ ತಯಾರಿಯನ್ನು ಮದುವೆಗೆ ಮುಂಚೆಯೇ ಮಾಡಿಕೊಂಡಿದ್ದವರು. ಆಸ್ಪತ್ರೆಗೆ ಬೇಕಾದ ಹಣವನ್ನು ದಂಪತಿ ತಾವೇ ಹೊಂದಿಸಿಕೊಂಡರು. ಶ್ವೈಟ್ಜರ್ ಅವರ ಧಾರ್ಮಿಕ ವಿಚಾರಗಳ ಬಗ್ಗೆ ಪ್ಯಾರಿಸ್ ಮಿಷನ್ ಸೊಸೈಟಿಗೆ ಭಯವಿತ್ತು. ಬೋಧನೆಗೆ ಬಾಯಿ ಹಾಕುವುದಿಲ್ಲ, ವೈದ್ಯನಾಗಿ ಮಾತ್ರ ಇರುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಅದು ಒಪ್ಪಿದ್ದು. 1913ರ ಏಪ್ರಿಲ್‌ನಲ್ಲಿ ಇಬ್ಬರೂ ಫ್ರೆಂಚ್ ವಸಾಹತಾಗಿದ್ದ ಗ್ಯಾಬೊನ್‌ನ ಒಗೋವೆ ನದಿಯಲ್ಲಿ ಹಡಗು, ಆಮೇಲೆ ದೋಣಿ ಹಿಡಿದು ಲಂಬಾರೆನೆಗೆ ಬಂದಿಳಿದರು. ಕಂಬಗಳ ಮೇಲೆ ನಿಂತ, ಸುತ್ತ ಜಗಲಿಯಿದ್ದ ನಾಲ್ಕು ಕೋಣೆಗಳ ಮರದ ಮನೆ. ಮೊದಲ ರಾತ್ರಿ ಜೇಡ, ಜಿರಳೆಗಳನ್ನು ಓಡಿಸುವುದರಲ್ಲೇ ಹೋಯಿತು.

ಸಾಮಾನು ಬಿಚ್ಚಲು ಬಿಡುವು ಸಿಗಲಿ, ಮೊದಲ ಮೂರು ವಾರ ತುರ್ತಿದ್ದವರು ಮಾತ್ರ ಬರಲಿ ಎಂದು ಊರಿಗೆಲ್ಲ ಹೇಳಿ ಕಳಿಸಿದ್ದರು. ಯಾರು ಕೇಳುತ್ತಾರೆ? 200, 300 ಕಿಲೋಮೀಟರ್ ದೂರದಿಂದ ದೋಣಿ ಹುಟ್ಟುಹಾಕಿಕೊಂಡು ಜನ ಬಂದರು. ಮಲೇರಿಯಾ, ಕುಷ್ಠ, ನಿದ್ರಾರೋಗ, ರಕ್ತಭೇದಿ, ಮೂಳೆಯವರೆಗೆ ಕೊಳೆಯುವ ಹುಣ್ಣು, ಎಲ್ಲವೂ ಬಂದವು. ಆಸ್ಪತ್ರೆಯ ಕಟ್ಟಡವೇ ಇಲ್ಲ. ಮನೆಯ ಮುಂದೆ ಬಯಲಲ್ಲೇ ನೋಡುವುದು, ಸಂಜೆ ಮಳೆಗಾಳಿ ಎದ್ದರೆ ಔಷಧಿಯೆಲ್ಲ ಬಾಚಿ ಜಗಲಿಗೆ ಸಾಗಿಸುವುದು. ಇದು ಸಾಕಾಗಿ, ಹಿಂದೆ ಇದ್ದವರು ಕೋಳಿಗೂಡು ಮಾಡಿಕೊಂಡಿದ್ದ ಕೊಠಡಿಗೆ ಸುಣ್ಣ ಬಳಿದು, ಒಂದು ಮಂಚ ಹಾಕಿ, ಅದನ್ನೇ ಚಿಕಿತ್ಸೆಯ ಕೋಣೆ ಮಾಡಿದರು. ಕಿಟಕಿಯಿಲ್ಲ, ಸೂರಿನ ತೂತುಗಳಿಂದ ಬಿಸಿಲು ನೇರ ತಲೆಗೆ ಬೀಳುವುದರಿಂದ ಒಳಗೂ ಹ್ಯಾಟ್ ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಆಗಸ್ಟ್‌ನಲ್ಲಿ ಹರ್ನಿಯಾದ ರೋಗಿಯೊಬ್ಬರಿಗೆ ಆಪರೇಷನ್ ಮಾಡಲೇಬೇಕಾಗಿ ಬಂದಾಗ ಮಿಷನ್ ಶಾಲೆಯ ಹುಡುಗರು ಮಲಗುವ ಕೋಣೆಯೇ ಆಪರೇಷನ್ ಥಿಯೇಟರ್ ಆಯಿತು. ಅರಿವಳಿಕೆ ಕೊಟ್ಟವರು ಹೆಲೆನೆ. ಮೊದಲ ಒಂಬತ್ತು ತಿಂಗಳಲ್ಲಿ ಶ್ವೈಟ್ಜರ್ ನೋಡಿದ್ದು ಹತ್ತಿರ ಹತ್ತಿರ ಎರಡು ಸಾವಿರ ರೋಗಿಗಳನ್ನು.

ಬೆಳಿಗ್ಗೆ ಎಂಟೂವರೆಗೆ ಬೆಂಚುಗಳ ಮೇಲೆ ಕೂತವರಿಗೆ ನಿಯಮಗಳನ್ನು ಕೂಗಿ ಹೇಳುತ್ತಿದ್ದರು. ಮನೆಯ ಹತ್ತಿರ ಉಗುಳಬಾರದು, ಜೋರಾಗಿ ಮಾತಾಡಬಾರದು, ಒಂದು ದಿನದ ಊಟ ಜೊತೆಗೆ ತರಬೇಕು, ಔಷಧಿ ಕೊಟ್ಟ ಸೀಸೆ, ಡಬ್ಬಿಗಳನ್ನು ಹಿಂದಿರುಗಿಸಬೇಕು. ಕೊನೆಯದಕ್ಕೆ ಕಾರಣವಿತ್ತು: ಆ ತೇವದ ಹವೆಯಲ್ಲಿ ರಟ್ಟಿನ ಪೆಟ್ಟಿಗೆಯ ಔಷಧಿ ನೀರಾಗಿಬಿಡುತ್ತದೆ. ಬಿರಡೆ ಹಾಕಿದ ಸೀಸೆಗಿಂತ ಅಮೂಲ್ಯವಾದುದಿಲ್ಲ, ಖಾಲಿ ಸೀಸೆ ಎಸೆಯಬೇಡಿ ಎಂದು ಯುರೋಪಿನ ಸ್ನೇಹಿತರಿಗೆ ಬರೆಯುವ ಸ್ಥಿತಿ. ರೋಗಿಯ ಕೊರಳಿಗೆ ನಾರಿನಲ್ಲಿ ಕಟ್ಟಿದ ನಂಬರಿನ ಬಿಲ್ಲೆ. ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ಕೆಲಸವಿಲ್ಲ, ಸೊಳ್ಳೆ ಜ್ವರ ತರುತ್ತದೆ.

ಈ ವ್ಯವಸ್ಥೆಯ ಒಳಮೈಯನ್ನು ನೋಡಿಕೊಂಡವರು ಹೆಲೆನೆ. ಉಪಕರಣಗಳಿಗೆ ತುಕ್ಕು ಹಿಡಿಯದಂತೆ ಇಡುವುದು, ಆಪರೇಷನ್ ಬಟ್ಟೆ ಮತ್ತು ಬ್ಯಾಂಡೇಜಿನ ಲೆಕ್ಕ, ತೀರಾ ಕಷ್ಟದಲ್ಲಿರುವ ರೋಗಿಗಳ ಆರೈಕೆ, ಔಷಧಿ ಕೋಣೆಯ ಕೆಲಸ. ಇದರ ಜೊತೆಗೆ ಅಡುಗೆಯವರು, ಅಗಸರು, ಮನೆಗೆಲಸದ ಹುಡುಗರು, ಇವರನ್ನೆಲ್ಲ ಹೊಂದಿಸಿಕೊಂಡು ಸಂಸಾರ ನಡೆಸಬೇಕು. ಇಷ್ಟನ್ನೂ ಸರಿದೂಗಿಸಿ ದಿನಾ ಆಸ್ಪತ್ರೆಗೂ ಹೊತ್ತು ಮಾಡಿಕೊಂಡಳಲ್ಲ ಎಂದು ಗಂಡ ಆತ್ಮಕಥೆಯಲ್ಲಿ ಬೆರಗಿನಿಂದ ಬರೆಯುತ್ತಾರೆ. ಆ ಬೆರಗು ಕೆಲವೇ ಸಾಲಿನಲ್ಲಿ ಮುಗಿಯುತ್ತದೆ ಎಂಬುದು ನನ್ನನ್ನು ಕಾಡುತ್ತದೆ. ಕುದಿಸದ ಕತ್ತರಿಯಿಂದ ಯಾವ ಆಪರೇಷನ್ ಗೆಲ್ಲುತ್ತಿತ್ತು?

ದಂಪತಿಗೂ ರೋಗಿಗಳಿಗೂ ನಡುವೆ ನಿಂತ ಮೂರನೆಯ ವ್ಯಕ್ತಿ ಜೋಸೆಫ್. ಗಲೋವಾ ಜನಾಂಗದವರು, ಹಿಂದೆ ಅಡುಗೆ ಮಾಡುತ್ತಿದ್ದವರು. ಫ್ರೆಂಚ್, ಇಂಗ್ಲಿಷ್ ಅಲ್ಲದೆ ಎಂಟು ಆಫ್ರಿಕನ್ ಭಾಷೆಗಳು ಬರುತ್ತಿದ್ದವು. ಅಂಗಾಂಗಗಳ ಹೆಸರನ್ನು ಅವರು ಕಲಿತದ್ದು ಮಾಂಸ ಕೊಯ್ಯುವ ಹಲಗೆಯ ಮೇಲೆ. ‘ಈತನ ಕುರಿ-ತೊಡೆ ನೋಯುತ್ತದೆ’ ಎಂದು ವೈದ್ಯರಿಗೆ ವಿವರಿಸುತ್ತಿದ್ದರು. ಓದು ಬಾರದಿದ್ದರೂ ಚೀಟಿಯ ಆಕಾರ ನೆನಪಿಟ್ಟುಕೊಂಡು ಕಪಾಟಿನಿಂದ ಸರಿಯಾದ ಔಷಧಿಯನ್ನೇ ತೆಗೆಯುತ್ತಿದ್ದರು. ಜೋಸೆಫ್ ಇಲ್ಲದಿದ್ದರೆ ರೋಗಿಗೆ ಏನಾಗುತ್ತಿದೆಯೆಂದು ಯುರೋಪಿನಿಂದ ಬಂದ ಆ ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಆ ಮನೆಯಲ್ಲಿ ಎಲ್ಲಕ್ಕೂ ಬೀಗ. ಅಡುಗೆಗೆ ಬೇಕಾದ ಅಕ್ಕಿ, ಕೊಬ್ಬನ್ನು ಹೆಲೆನೆ ಬೀಗ ತೆಗೆದು ಅಳೆದೇ ಕೊಡಬೇಕು. ಸುತ್ತಲಿನ ಜನರನ್ನು ನಂಬಲಾಗದು ಎಂಬ ವಸಾಹತಿನ ಬಿಳಿಯರ ಭಾವನೆ ಅವರ ಸಂಸಾರದೊಳಗೂ ಇತ್ತು. ಆಫ್ರಿಕನ್ನರು ತಮ್ಮ ಸೋದರರು, ಆದರೆ ತಾವು ಅಣ್ಣ ಎಂದು ಶ್ವೈಟ್ಜರ್ ನಂಬಿದ್ದರು. ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ 1975ರ ತಮ್ಮ ಉಪನ್ಯಾಸದಲ್ಲಿ ಈ ಅಣ್ಣತನವನ್ನು ಕಟುವಾಗಿ ಪ್ರಶ್ನಿಸಿದರು. ಪ್ರಶ್ನಿಸಿದ್ದು ಸರಿ ಎಂದೇ ನಾನು ತಿಳಿಯುತ್ತೇನೆ. ಹುಣ್ಣಿಗೆ ಬ್ಯಾಂಡೇಜು ಕಟ್ಟಿದ ಕೈಯೇ ಉಗ್ರಾಣಕ್ಕೆ ಬೀಗವನ್ನೂ ಹಾಕುತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಆ ಬದುಕಿನ ಲೆಕ್ಕ ಸಿಗುವುದಿಲ್ಲ.

ಮೊದಲ ಮಹಾಯುದ್ಧ ಬಂತು. ಅವರ ಊರು ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಆಗ ಫ್ರಾನ್ಸಿನ ಶತ್ರುವಾಗಿದ್ದ ಜರ್ಮನಿಗೆ ಸೇರಿದ್ದರಿಂದ 1914ರ ಆಗಸ್ಟ್‌ನಲ್ಲಿ ಇಬ್ಬರೂ ತಮ್ಮ ಮನೆಯಲ್ಲೇ ಕೈದಿಗಳಾದರು. ಕೆಲವು ತಿಂಗಳು ರೋಗಿಗಳನ್ನು ಮುಟ್ಟುವಂತಿಲ್ಲ. ಅಷ್ಟರಲ್ಲಿ ಸಮಭಾಜಕದ ಹವೆ ಹೆಲೆನೆಯ ದೇಹವನ್ನು ಹಿಂಡತೊಡಗಿತ್ತು. 1915ರ ಸೆಪ್ಟೆಂಬರ್‌ನಲ್ಲಿ ಆರೋಗ್ಯಕ್ಕೆಂದು ಅವರು ಸಮುದ್ರತೀರದ ಕೇಪ್ ಲೋಪೆಜ್‌ನಲ್ಲಿದ್ದರು. ಜೊತೆಗಿದ್ದ ಗಂಡನಿಗೆ ಮಿಷನರಿಯೊಬ್ಬರ ಹೆಂಡತಿಗೆ ಕಾಯಿಲೆಯೆಂದು ಕರೆ ಬಂತು. ಆ ನದಿ ಪ್ರಯಾಣದಲ್ಲೇ, ನೀರಾನೆಗಳ ಹಿಂಡಿನ ನಡುವೆ ದೋಣಿ ಸಾಗುವಾಗ, ಶ್ವೈಟ್ಜರ್ ಅವರಿಗೆ ಎಲ್ಲ ಜೀವವನ್ನೂ ಗೌರವಿಸಬೇಕೆಂಬ ‘ಜೀವಗೌರವ’ದ ವಿಚಾರ ಹೊಳೆದದ್ದು. ಅವರ ತತ್ವಚಿಂತನೆಯ ಕುರಿತ ಪುಸ್ತಕಗಳಲ್ಲಿ ಆ ನೀರಾನೆಗಳು ಸಿಗುತ್ತವೆ. ಕಡಲ ದಂಡೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ಹೆಲೆನೆಯೂ ಆ ಪುಟಗಳಲ್ಲಿ ಸಿಗಬೇಕಿತ್ತು.

1917ರಲ್ಲಿ ಇಬ್ಬರನ್ನೂ ಫ್ರಾನ್ಸಿನ ಸೆರೆಶಿಬಿರಗಳಿಗೆ ಸಾಗಿಸಿದರು. 1919ರ ಜನವರಿಯಲ್ಲಿ ಮಗಳು ರೇನಾ ಹುಟ್ಟಿದಳು. ಹೆಲೆನೆಗೆ ಕ್ಷಯ. 1924ರಲ್ಲಿ ಶ್ವೈಟ್ಜರ್ ಲಂಬಾರೆನೆಗೆ ಮರಳಿದಾಗ ಹೆಲೆನೆ ಮಗುವಿನೊಂದಿಗೆ ಯುರೋಪಿನಲ್ಲೇ ಉಳಿದರು. ನರ್ಸಿಂಗ್ ಕಲಿತು, ಆಸ್ಪತ್ರೆಯನ್ನು ಮೊದಲ ದಿನದಿಂದ ಕಟ್ಟಿದವರಿಗೆ ಅದನ್ನು ದೂರದಿಂದ ನೋಡುವ ಪಾಲು ಬಂತು. ತಾನು ಹೊರಡಲು ಆಕೆ ಒಪ್ಪಿದ್ದಕ್ಕೆ ಸದಾ ಋಣಿ ಎಂದು ಗಂಡ ಬರೆದುಕೊಂಡರು. ಆಮೇಲೆ ಹೆಲೆನೆ ಆಗೊಮ್ಮೆ ಈಗೊಮ್ಮೆ ಲಂಬಾರೆನೆಗೆ ಹೋದರು, ಆರೋಗ್ಯ ಕೈಕೊಟ್ಟು ಹಿಂದಿರುಗಿದರು.

ಯಹೂದಿ ಮನೆತನದಲ್ಲಿ ಹುಟ್ಟಿದವರಾದ್ದರಿಂದ ಎರಡನೇ ಮಹಾಯುದ್ಧದ ಯುರೋಪು ಹೆಲೆನೆಗೆ ಅಪಾಯದ ನೆಲವಾಯಿತು. 1941ರಲ್ಲಿ, ಅರವತ್ತೆರಡನೆಯ ವಯಸ್ಸಿನಲ್ಲಿ, ಪೋರ್ಚುಗಲ್ ಮತ್ತು ಅಂಗೋಲಾ ದಾಟಿ ಅವರು ಲಂಬಾರೆನೆ ತಲುಪಿದರು. ಯುದ್ಧದಿಂದಾಗಿ ಬದಲಿಯಿಲ್ಲದೆ ದುಡಿದು ಅಲ್ಲಿನ ದಾದಿಯರು ದಣಿದುಹೋಗಿದ್ದರು. ಆ ದಾದಿಯರ ಕೆಲಸವನ್ನು ಹೆಲೆನೆ ತಾವು ವಹಿಸಿಕೊಂಡು ಅವರಿಗೆ ಬಿಡುವು ಕೊಡಿಸಿದರು, 1946ರವರೆಗೆ ಅಲ್ಲೇ ಇದ್ದರು.