ಕೀಲಿಕೈ ಮನೆಯೊಳಗೇ ಇದೆ, ಕನ್ನಡದಲ್ಲಿ ಹೇಳುವವರಿಲ್ಲ!

ಮಂಗಳೂರಿನ ಕನ್ನಡದ ಹುಡುಗ ಹುಡುಗಿಯರೇ, ನಿಮಗೇ ಈ ಮಾತು. ರಾತ್ರಿ ಹನ್ನೊಂದಕ್ಕೆ ಕೊಟ್ಟಾರದ ಬಾಡಿಗೆ ಕೋಣೆಯಲ್ಲಿ ಕೂತು ಕುಬರ್ನೆಟೀಸ್ ಮೇಲೆ ಎಡಬ್ಲ್ಯುಎಕ್ಸ್ ಹಾಕಿಕೊಂಡಿದ್ದೀರಿ. ನೂರು ಸರ್ವರ್‌ಗಳ ಕೆಲಸವನ್ನು ಒಂದೇ ಕಡೆ ಕೂತು ಮಾಡಿಸುವ ಮೇಸ್ತ್ರಿ ಅದು. 2017ರಲ್ಲಿ ರೆಡ್‌ಹ್ಯಾಟ್ ಕಂಪನಿ ಮೂಲ ಸಂಕೇತ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟದ್ದು, ಬಿಡಿಗಾಸು ಕೊಡಬೇಕಿಲ್ಲ. ಇನ್‌ಸ್ಟಾಲ್ ಆಯಿತು. ಪರದೆ ಮೇಲೆ ಎಲ್ಲವೂ 'ರನ್ನಿಂಗ್'. ಸರಿ ಮಾರಾಯರೇ, ಒಳಗೆ ಹೋಗುವುದು ಹೇಗೆ? ವಿಳಾಸ ಯಾವುದು? ಪಾಸ್‌ವರ್ಡ್ ಎಲ್ಲಿದೆ?

ನಮ್ಮವರು ಕೈಚೆಲ್ಲುವುದು ಇಲ್ಲೇ. ಸುಳ್ಯದ್ದೋ ಬೆಳ್ತಂಗಡಿಯದ್ದೋ ಕನ್ನಡ ಶಾಲೆಯಲ್ಲಿ ಓದಿ ಬಂದವನಿಗೆ ತಲೆ ಇಲ್ಲವೆಂದಲ್ಲ. ಅರ್ಧ ಸಾಲಿನಲ್ಲಿ ಮುಗಿಯುವ ಉತ್ತರ ಹತ್ತು ಪುಟ ಇಂಗ್ಲಿಷಿನಡಿ ಹೂತುಹೋಗಿದೆ. ಅದನ್ನು ಅಗೆದು ತೆಗೆಯುವಷ್ಟರಲ್ಲಿ ಪಕ್ಕದ ಮೇಜಿನ ಕಾನ್ವೆಂಟ್ ಹುಡುಗ ಕೆಲಸ ಮುಗಿಸಿ ಮನೆ ಸೇರಿರುತ್ತಾನೆ. ಆಮೇಲೆ ಬಡ್ತಿ ಯಾರಿಗೆ ಅಂತ ಕೇಳಬೇಕೇ?

"ಇಂಥದ್ದೆಲ್ಲ ಕನ್ನಡದಲ್ಲಿ ಹೇಳಕ್ಕಾಗುತ್ತಾ ಸಾರ್?" ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಅವರೂ ಕೇಳಿಸಿಕೊಳ್ಳಲಿ.

ಕುಬರ್ನೆಟೀಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿದವನು. ನಮ್ಮ ದಕ್ಕೆಯಲ್ಲಿ ಅವನನ್ನು ತಾಂಡೇಲ ಎನ್ನುತ್ತಾರೆ. ಅವನು ನೋಡಿಕೊಳ್ಳುವ ಕಂಟೇನರ್‌ಗಳು ಪಣಂಬೂರು ಬಂದರಿನ ಗೇಟಿನೊಳಗಿನ ಪೆಟ್ಟಿಗೆಗಳಿದ್ದಂತೆ. ಒಳಗಿದ್ದವರಿಗೆ ಸಿಗುತ್ತವೆ, ರಸ್ತೆಯಲ್ಲಿ ನಿಂತವರಿಗೆ ಇಲ್ಲ. ಎಡಬ್ಲ್ಯುಎಕ್ಸ್‌ನ 'ಸರ್ವಿಸ್' ನೀವು ಬೇರೆ ಹೇಳದಿದ್ದರೆ 'ಕ್ಲಸ್ಟರ್‌ಐಪಿ' ಆಗಿರುತ್ತದೆ, ಅಂದರೆ ಗೇಟಿನೊಳಗಿನ ವ್ಯವಹಾರ ಮಾತ್ರ. ಅದನ್ನು ಸಂರಚನೆಯ ಕಡತದಲ್ಲಿ 'ನೋಡ್‌ಪೋರ್ಟ್' ಎಂದು ಬದಲಿಸಿ. ಆಗ 30000ದಿಂದ 32767ರ ನಡುವಿನ ಒಂದು ಸಂಖ್ಯೆಯ ಬಾಗಿಲು ತೆರೆಯುತ್ತದೆ. ಸರ್ವಿಸ್‌ಗಳ ಪಟ್ಟಿ ಕೇಳಿದರೆ ಆ ಸಂಖ್ಯೆ ಕಾಣುತ್ತದೆ. ಬ್ರೌಸರ್‌ನಲ್ಲಿ ಯಂತ್ರದ ಐಪಿ, ಒಂದು ಕೋಲನ್, ಆ ಸಂಖ್ಯೆ. ಅಷ್ಟೇ. ಸುಮ್ಮನೆ ಇಣುಕಿ ನೋಡಬೇಕಿದ್ದರೆ 'ಪೋರ್ಟ್ ಫಾರ್ವರ್ಡ್' ಸಾಕು. ಆಜ್ಞೆ ನಿಲ್ಲಿಸಿದರೆ ಬಾಗಿಲು ಮುಚ್ಚಿತು.

ಇನ್ನು ಪಾಸ್‌ವರ್ಡ್. ಬಳಕೆದಾರನ ಹೆಸರು 'ಅಡ್ಮಿನ್'. ಗುಟ್ಟಿನ ಪದವನ್ನು ಇನ್‌ಸ್ಟಾಲ್ ಹೊತ್ತಿನಲ್ಲಿ ಅದೇ ಹುಟ್ಟಿಸಿ, ಕ್ಲಸ್ಟರಿನೊಳಗೆ 'ಸೀಕ್ರೆಟ್' ಎಂಬ ಡಬ್ಬಿಯಲ್ಲಿ ಇಟ್ಟಿರುತ್ತದೆ. ನೀವು ಇಟ್ಟ ಹೆಸರಿನ ಮುಂದೆ 'ಅಡ್ಮಿನ್-ಪಾಸ್‌ವರ್ಡ್' ಸೇರಿಸಿದರೆ ಅದೇ ಡಬ್ಬಿಯ ಹೆಸರು. ತೆರೆದರೆ ಅರ್ಥವಾಗದ ಅಕ್ಷರಗಳು ಕಾಣುತ್ತವೆ, ಹೆದರಬೇಡಿ. ಅದು ಬೇಸ್64, ಬೀಗವಲ್ಲ, ಬರೀ ವೇಷ. ಚೌಕಿಯಲ್ಲಿ ಬಣ್ಣ ತೊಳೆದರೆ ಮಹಿಷಾಸುರನೂ ನಮ್ಮ ಪಕ್ಕದ ಮನೆಯವನೇ. ಒಂದು 'ಡಿಕೋಡ್' ಆಜ್ಞೆ ಕೊಟ್ಟರೆ ಪಾಸ್‌ವರ್ಡ್ ಎದುರಿಗೆ ಬರುತ್ತದೆ. ಡಬ್ಬಿಗೆ ಕೈಹಾಕುವ ಅಧಿಕಾರ ಇರುವ ಯಾರಿಗೂ ಬರುತ್ತದೆ, ಆದ್ದರಿಂದ ಒಳಗೆ ಹೋದ ಕೂಡಲೇ ಬದಲಿಸಿ.

ಆಯಿತಲ್ಲ? ಯಾವ ಆಕಾಶ ಕಳಚಿ ಬಿತ್ತು? ಪೋರ್ಟನ್ನು ಪೋರ್ಟ್ ಎಂದೇ ಕರೆದೆವು, ಕನ್ನಡವೇನೂ ಸಾಯಲಿಲ್ಲ.

ಈಗ ಹೊಟ್ಟೆ ಉರಿಯುವ ವಿಷಯ. ಕುಬರ್ನೆಟೀಸ್‌ನ ಅಧಿಕೃತ ಕೈಪಿಡಿ ಜಪಾನಿ, ಕೊರಿಯನ್, ವಿಯೆಟ್ನಾಮಿ ಭಾಷೆಗಳಲ್ಲಿದೆ. ಹಿಂದಿಯಲ್ಲಿದೆ, ಬಂಗಾಳಿಯಲ್ಲಿದೆ. ಕನ್ನಡದಲ್ಲಿಲ್ಲ! ದೆಹಲಿಯ ಪಿತೂರಿ ಎಂದು ಕೂಗೋಣವೇ? ಕೂಗಲು ನಮಗೂ ಗಂಟಲಿದೆ. ಆದರೆ ಈ ಬಾರಿ ದೆಹಲಿಯವರು ಏನೂ ಮಾಡಿಲ್ಲ. ಆಯಾ ಭಾಷೆಯ ಜನ ಕೂತು ಅನುವಾದಿಸಿದ್ದಾರೆ. ಹೊಸ ಭಾಷೆ ಶುರುಮಾಡಲು ಕನಿಷ್ಠ ಎಷ್ಟು ಜನ ಬೇಕು ಗೊತ್ತೇ? ಇಬ್ಬರು. ತಾನು ಬರೆದದ್ದಕ್ಕೆ ತಾನೇ ಒಪ್ಪಿಗೆ ಕೊಡುವಂತಿಲ್ಲ ಎಂಬ ಕಾರಣಕ್ಕೆ ಇಬ್ಬರು, ಇಲ್ಲದಿದ್ದರೆ ಒಬ್ಬರೇ ಸಾಕಿತ್ತು! ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಕರೆದರೆ ಇನ್ನೂರು ಜನ ಬರುತ್ತೇವೆ. ಈ ಇಬ್ಬರು ಮಾತ್ರ ಸಿಕ್ಕಿಲ್ಲ. ನಮ್ಮ ಸಂಘಟನೆಗಳಿಗೂ ಸೇರಿಸಿಯೇ ಹೇಳುತ್ತಿದ್ದೇವೆ, ಬೇಕಾದವರು ಸಿಟ್ಟಾಗಲಿ.

ಇದು ಯಾವ ಊರು? 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಟ ಊರು. ಹೊರಡಿಸಿದ ಮೋಗ್ಲಿಂಗ್ ಜರ್ಮನಿಯವನು. 1894ರಲ್ಲಿ ಕನ್ನಡದ ದೊಡ್ಡ ನಿಘಂಟು ಅಚ್ಚಾದದ್ದೂ ಇಲ್ಲೇ, ಅದನ್ನು ಮಾಡಿದ ಕಿಟೆಲ್ ಕೂಡ ಜರ್ಮನಿಯವನು. ಕಂಪ್ಯೂಟರಿನ ಕನ್ನಡ ಕೀಲಿಮಣೆಯನ್ನು ಕಟ್ಟಿಕೊಟ್ಟ ಕೆ.ಪಿ. ರಾವ್ ಮಾತ್ರ ಇಲ್ಲೇ ಪಕ್ಕದ ಕಿನ್ನಿಕಂಬಳದವರು. 2016ರಲ್ಲಿ ತುಳು ವಿಕಿಪೀಡಿಯ ಬಂತು, ಅದಕ್ಕೆ ದುಡಿದವರೂ ನಮ್ಮ ಕರಾವಳಿಯವರೇ. ಮತ್ತೆ ಈಗೇಕೆ ಮೂರನೇ ಜರ್ಮನ್ ಬರಲಿ ಎಂದು ಹಡಗಿನ ದಾರಿ ಕಾಯುವುದು?

ಮೊದಲು ಬೇಕಾದದ್ದು ಮುಖಪುಟ, ಸೆಟಪ್ಪಿನ ಪುಟಗಳು, ಮೂಲಪಾಠ. ಕನ್ನಡಕ್ಕೆ ಎರಡಕ್ಷರದ ಸಂಕೇತ 'ಕೆಎನ್' ಎಂದೋ ಸಿಕ್ಕಿದೆ. ಹೇಳಿ, ಆ ಇಬ್ಬರು ಯಾರು?