ಹೊಟ್ಟೆ ಬಗೆದರೆ ಅದು ರಿಪೇರಿಯಲ್ಲ

ಹಳೆಯ ವಾಲ್ವ್ ರೇಡಿಯೊದ ಒಳಗಿನದೆಲ್ಲವನ್ನೂ ಕಿತ್ತು, ಖಾಲಿ ಮರದ ಪೆಟ್ಟಿಗೆಯಲ್ಲಿ ಬ್ಲೂಟೂತ್ ಬೋರ್ಡು ಕೂರಿಸಿ, ಅದಕ್ಕೆ ‘ರಿಸ್ಟೋರೇಶನ್’ ಎಂದು ಹೆಸರಿಡುವ ಧಂದೆ ನಮ್ಮ ಕಡೆ ಈಗ ಜೋರಾಗಿದೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಟವರ್‌ಗಳಲ್ಲಿ, ನವಿ ಮುಂಬಯಿಯ ಹೊಸ ಫ್ಲ್ಯಾಟುಗಳಲ್ಲಿ ಟಿವಿ ಪಕ್ಕ ಇಂಥದೊಂದು ಪೆಟ್ಟಿಗೆ ಇದ್ದರೆ ಹಾಲ್‌ಗೆ ‘ವಿಂಟೇಜ್ ಲುಕ್’ ಬರುತ್ತದಂತೆ. ಬರಲಿ. ಆದರೆ ಅದನ್ನು ಉಳಿಸಿದೆವು ಎಂದು ಹೇಳಿಕೊಳ್ಳಬೇಡಿ. ಹುಲಿ ಚರ್ಮಕ್ಕೆ ಹುಲ್ಲು ತುಂಬಿದವನು ಹುಲಿ ಉಳಿಸಿದೆ ಅನ್ನುವುದಿಲ್ಲ.

ಇದನ್ನು ಬರೆಯಲು ಕಾರಣ ನನ್ನ ಗೆಳೆಯ. ಮೂಲ ಗದಗ, ಬೆಳೆದದ್ದು ಕಲ್ಯಾಣದಲ್ಲಿ, ಅವನ ಅಪ್ಪ ರೈಲ್ವೆಯಲ್ಲಿದ್ದರು. ಕಲ್ಯಾಣದ ಮನೆ ಖಾಲಿ ಮಾಡಿ ಖಾರ್‌ಘರ್‌ಗೆ ಹೋಗುವಾಗ ಅಟ್ಟದ ಮೇಲಿದ್ದ ಅಪ್ಪನ ಮರ್ಫಿ ಸೆಟ್ಟನ್ನು ಚಾದರದಲ್ಲಿ ಸುತ್ತಿ ಡೊಂಬಿವಲಿಗೆ, ನನ್ನ ಮನೆಗೆ ತಂದಿಟ್ಟ. ‘ಲೇ, ನೀ ಎಂಟೆಕ್ ಮಾಡಿದಾಂವ. ಒಳಗಿಂದೆಲ್ಲಾ ತಗದ ಒಗದು ಒಂದು ಬ್ಲೂಟೂತ್ ಕೂಡಿಸಿ ಕೊಡು. ಭಾಳ ಅಂದ್ರ ಅರ್ಧಾ ತಾಸಿನ ಕೆಲಸ’ ಅಂದ. ಇಂಟೀರಿಯರ್‌ನವನು ಹೇಳಿಕೊಟ್ಟ ಮಾತು. ನಾನು ಆಗುವುದಿಲ್ಲ ಅಂದೆ. ರಿಪೇರಿ ಮಾಡುವುದಾದರೆ ಬಿಟ್ಟು ಹೋಗು, ಇಲ್ಲವಾದರೆ ಚಾದರ ಸಮೇತ ತಗೊಂಡು ಹೋಗು ಅಂದೆ. ಬೈದು, ಬಿಟ್ಟು ಹೋದ.

(ಎಂಟೆಕ್‌ನಲ್ಲಿ ನನಗೆ ಯಾರೂ ವಾಲ್ವ್ ಕಲಿಸಲಿಲ್ಲ. ಅದನ್ನು ಕಲಿತದ್ದು ಪಿಯುಸಿ ರಜೆಯಲ್ಲಿ, ಹುಬ್ಬಳ್ಳಿಯ ಒಂದು ರೇಡಿಯೊ ಅಂಗಡಿಯ ಬಾಕಿನ ಮೇಲೆ ಕೂತು.)

ಆ ಸೆಟ್ಟಿಗೆ ನಿಜವಾಗಿ ಆಗಿದ್ದೇನು ಎಂದು ಕೇಳಿ. ಟ್ರಾನ್ಸ್‌ಫಾರ್ಮರ್ ಸರಿ ಇತ್ತು, ಸ್ಪೀಕರ್ ಸರಿ ಇತ್ತು, ಕಾಯಿಲ್‌ಗಳು ಸರಿ ಇದ್ದವು. ಕೆಟ್ಟಿದ್ದು ಕಂಡೆನ್ಸರ್‌ಗಳು, ಅಂದರೆ ಕೆಪಾಸಿಟರ್‌ಗಳು. ಆ ಕಾಲದ ಕಂಡೆನ್ಸರ್ ಅಂದರೆ ಕಾಗದಕ್ಕೆ ಮೇಣ ಹಚ್ಚಿ ಸುತ್ತಿದ್ದು. ವರ್ಷಗಳು ಕಳೆದಂತೆ ತೇವ ಕುಡಿದು ಒಳಗೊಳಗೇ ಸೋರುತ್ತದೆ. ಅದರಲ್ಲೂ ಕೊನೆಯ ವಾಲ್ವಿನ, ಇಎಲ್ 84ರ ಗ್ರಿಡ್ಡಿಗೆ ಹೋಗುವ ಒಂದು ಕಂಡೆನ್ಸರ್ ಇದೆ. ಅದು ಸೋರಿದರೆ ಗ್ರಿಡ್ಡಿಗೆ ಬರಬಾರದ ಪಾಸಿಟಿವ್ ವೋಲ್ಟೇಜ್ ಬಂದು ವಾಲ್ವ್ ಕೆಂಪಗೆ ಕಾಯುತ್ತದೆ, ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ನಮ್ಮ ಸೆಟ್ಟಿನಲ್ಲಿ ಸೊನ್ನೆ ಇರಬೇಕಾದ ಜಾಗದಲ್ಲಿ 9 ವೋಲ್ಟ್ ಇತ್ತು. ‘ನೋಡೋಣ ಹಾಡುತ್ತಾ’ ಎಂದು ಅಟ್ಟದಿಂದ ಇಳಿಸಿದವರು ನೇರ ಪ್ಲಗ್ಗಿಗೆ ಚುಚ್ಚುತ್ತಾರಲ್ಲ, ಎಷ್ಟೋ ಸೆಟ್ಟು ಸಾಯುವುದು ಆ ಒಂದು ನಿಮಿಷದಲ್ಲಿ. ಮೊದಲು 60 ವಾಟಿನ ಹಳೇ ಫಿಲಮೆಂಟ್ ಬಲ್ಬು ಸೀರೀಸಿನಲ್ಲಿ ಹಾಕಿ ನೋಡಬೇಕು. ಅದು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸಬೇಕು. ಇನ್ನೊಂದು ಮಾತು: ಒಳಗೆ 250 ವೋಲ್ಟಿನಷ್ಟು ಡಿಸಿ ಓಡಾಡುತ್ತದೆ, ಪ್ಲಗ್ ತೆಗೆದ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಕೂತಿರುತ್ತದೆ. ಗೊತ್ತಿಲ್ಲದವರು ಕೈ ಹಾಕಬಾರದು.

ಹದಿನೈದು ಕಂಡೆನ್ಸರ್ ಬದಲಾಯಿಸಿದೆ. ಖರ್ಚು ಐದು ನೂರು ರೂಪಾಯಿಯೊಳಗೆ. ಡಯಲ್ಲಿನ ದಾರ ತುಂಡಾಗಿತ್ತು, ಮೀನು ಹಿಡಿಯುವ ದಾರ ಕಟ್ಟಿದೆ. ಒಂದೇ ಒಂದು ವಾಲ್ವ್, ಇಸಿಎಚ್ 81, ಸೊರಗಿತ್ತು. ಗ್ರಾಂಟ್ ರೋಡಿಗೆ ಹೋಗಿ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ನಾಲ್ಕನೆಯವನು ಮೇಲಿನ ಕಪಾಟಿನಿಂದ ಧೂಳು ಹಿಡಿದ ರಟ್ಟಿನ ಡಬ್ಬಿ ಇಳಿಸಿದ. ಡಬ್ಬಿಯ ಮೇಲೆ ಬಿಇಎಲ್ ಎಂದಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಬ್ಲೂಟೂತ್‌ನವರು ಎಸೆಯುವುದು ಇದನ್ನೇ. ಬಿಇಎಲ್ ಅಂದರೆ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, 1954ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ. 1960ರ ದಶಕದ ಆರಂಭದಿಂದ ಅಲ್ಲಿ ರೇಡಿಯೊ ವಾಲ್ವ್‌ಗಳು ತಯಾರಾದವು. ಮರ್ಫಿ ಕಾರ್ಖಾನೆ ಇದ್ದದ್ದು ಇಲ್ಲೇ, ಠಾಣೆಯಲ್ಲಿ. ಈಗ ಐಟಿ ಅಂದರೆ ಬೆಂಗಳೂರು ಎಂದು ಎದೆ ತಟ್ಟಿಕೊಳ್ಳುವ ನಾವು, ನಮ್ಮೂರಿನಲ್ಲಿ ಗಾಜು ಊದಿ, ಗಾಳಿ ಎಳೆದು, ಕೂದಲಿನಷ್ಟು ತೆಳ್ಳನೆಯ ತಂತಿ ಸುತ್ತಿ ಮಾಡಿದ ವಸ್ತುವನ್ನು ಭಂಗಾರದವನಿಗೆ ಕೊಟ್ಟು, ಆ ಜಾಗದಲ್ಲಿ ಹೊರದೇಶದ ಮುನ್ನೂರು ರೂಪಾಯಿಯ ಬೋರ್ಡು ಕೂರಿಸುತ್ತೇವೆ. ಆ ಬೋರ್ಡು ಕೆಟ್ಟರೆ ಅದನ್ನು ರಿಪೇರಿ ಮಾಡುವವರು ಯಾರೂ ಇಲ್ಲ, ಎಸೆಯುವುದೇ. ನಮ್ಮ ಆಫೀಸಿನಲ್ಲೂ ಹೀಗೇ. ಓಡುತ್ತಿರುವ ಹಳೆಯ ಸಿಸ್ಟಮ್ಮನ್ನು ಓದಿ ಅರ್ಥ ಮಾಡಿಕೊಳ್ಳಲು ಬೇಸರವಾದಾಗ ಅದಕ್ಕೆ ‘ಲೆಗಸಿ’ ಎಂಬ ಹೆಸರು ಬರುತ್ತದೆ. ಇಪ್ಪತ್ತು ವರ್ಷದಿಂದ ಆ ಮೀಟಿಂಗುಗಳಲ್ಲಿ ಕೂತವನಿಗೆ ಆ ದನಿ ದೂರದಿಂದಲೇ ಗೊತ್ತಾಗುತ್ತದೆ.

ಫೋನಿನ ಹಾಡು ಕೇಳಬೇಕು, ಅದಕ್ಕಾಗಿ ಬ್ಲೂಟೂತ್ ಅನ್ನುತ್ತೀರಾ? ಪೆಟ್ಟಿಗೆಯ ಹಿಂಬದಿ ನೋಡಿ. ಬಹಳಷ್ಟು ಸೆಟ್ಟುಗಳಲ್ಲಿ ಗ್ರಾಮಫೋನ್ ಪಿಕಪ್ ಸಿಕ್ಕಿಸಲು ಎರಡು ತೂತುಗಳಿವೆ. ಒಂದು ಸಣ್ಣ ಬ್ಲೂಟೂತ್ ರಿಸೀವರನ್ನು ಅಲ್ಲಿಗೆ ಜೋಡಿಸಿದರೆ ನಿಮ್ಮ ಹಾಡು ಅದೇ ವಾಲ್ವಿನ ಮೂಲಕ, ಅದೇ ಸ್ಪೀಕರಿನಲ್ಲಿ ಬರುತ್ತದೆ. ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿಗೆ ಮಾತ್ರ ಇದು. ವಾಲ್ವುಗಳ ಹೆಸರು ‘ಯು’ ಅಕ್ಷರದಿಂದ ಶುರುವಾಗುವ ಎಸಿ-ಡಿಸಿ ಸೆಟ್ಟಾದರೆ ಚಾಸಿಗೇ ಮೇನ್ಸ್ ಕರೆಂಟು ಬಂದಿರಬಹುದು, ಅದಕ್ಕೆ ಏನನ್ನೂ ಜೋಡಿಸಬೇಡಿ. ಕರೆಂಟು ಬಿಲ್ಲಿನ ಮಾತಾಡುವವರಿಗೆ: ಐದು ವಾಲ್ವಿನ ಸೆಟ್ಟು ತಿನ್ನುವುದು ಸುಮಾರು 50 ವಾಟ್. ಎಸಿ ಹಾಕಿಕೊಂಡು ಕೂತು ಅದರ ಲೆಕ್ಕ ಹೇಳಬೇಡಿ.

‘ಸರಿ, ಆದರ ಅದರಾಗ ಬರೂದೇನು?’ ಎಂದು ಗೆಳೆಯ ಕೇಳಿದ. ಈ ಪ್ರಶ್ನೆಗೆ ತೂಕವಿದೆ. ಎಫ್‌ಎಂ ಈ ಸೆಟ್ಟಿನಲ್ಲಿ ಇಲ್ಲ. ಮೀಡಿಯಂ ವೇವ್ ಒಂದೊಂದೇ ಕಡೆ ಮುಚ್ಚುತ್ತಿದೆ. 2019ರ ಜನವರಿಯಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯೇ ನಿಂತಿತು. ಎಫ್‌ಎಂ ಬಂತಲ್ಲ, ಆ್ಯಪ್ ಇದೆಯಲ್ಲ ಎಂಬುದು ಸಮರ್ಥನೆ. ಎಫ್‌ಎಂ ಅಲೆ ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಮೀಡಿಯಂ ವೇವ್ ಹಾಗಲ್ಲ. ಕತ್ತಲಾದ ಮೇಲೆ ಅದು ಆಕಾಶದ ಮೇಲ್ಪದರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. 1950ರ ಜನವರಿಯಲ್ಲಿ ಧಾರವಾಡ ನಿಲಯ ಶುರುವಾದ ಮೇಲೆ ಅಕ್ಕಲಕೋಟೆ, ಜತ್ತದಂಥ ಕಡೆಯ ಕನ್ನಡ ಮನೆಗಳಿಗೆ ಗಡಿ ದಾಟಿ ಕನ್ನಡ ತಲುಪಿದ್ದು ಈ ಅಲೆಯ ಮೇಲೆ, ಯಾರ ಅಪ್ಪಣೆಯನ್ನೂ ಕೇಳದೆ, ಡೇಟಾ ಪ್ಯಾಕ್ ಇಲ್ಲದೆ. ಗೆಳೆಯನ ಅವ್ವ ಹೇಳಿದರು: ‘ಇವರ ಅಪ್ಪಾರು ಡ್ಯೂಟಿ ಮುಗಿಸಿ ಬಂದು ಕಿವೀನ ಹಚ್ಚಿ ಕೂಡ್ತಿದ್ರು ತಮ್ಮಾ. ಧಾರವಾಡ ಒಂದ್ಸಲ ಬರ್ತಿತ್ತು, ಒಂದ್ಸಲ ಹೋಗ್ತಿತ್ತು. ಹೋದಾಗ ನಮ್ಮನ್ನ ಬೈತಿದ್ರು.’

ಕೇಳುವವರಿಲ್ಲ ಎಂದು ಪ್ರಸಾರ ನಿಲ್ಲಿಸುತ್ತಾರೆ. ಪ್ರಸಾರ ಇಲ್ಲ ಎಂದು ನಾವು ರೇಡಿಯೊ ಬಗೆಯುತ್ತೇವೆ. ರಾಜ್ಯೋತ್ಸವಕ್ಕೆ ಶಾಲು ಹೊದಿಸಲು ತಿಂಗಳು ಮೊದಲೇ ಸಭೆ ಸೇರುವ ನಮ್ಮ ಸಂಘಗಳು, ಗಡಿಯಾಚೆ ಕೇಳಿಸುವ ಕನ್ನಡ ಪ್ರಸಾರ ಉಳಿಸಿ ಎಂದು ಪ್ರಸಾರ ಭಾರತಿಗೆ ಒಂದು ಕಾಗದ ಬರೆಯಲು ಯಾಕೆ ಸಭೆ ಸೇರಬಾರದು? ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಬಂದದ್ದೇ ಆ ನಿಲಯದಿಂದ. ಇದನ್ನು ಕ್ವಿಜ್‌ನಲ್ಲಿ ಕೇಳುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ.

ಸೆಟ್ಟು ಈಗ ಖಾರ್‌ಘರ್‌ನಲ್ಲಿದೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ವೈಫೈ ಡಬ್ಬಿ ಎಲ್ಲ ಮೀಡಿಯಂ ವೇವ್‌ನಲ್ಲಿ ಗೊರಗೊರ ಅನ್ನಿಸುತ್ತವೆ. ಹಾಗಾಗಿ ಕೇಳುವಾಗ ಅವನ್ನೆಲ್ಲ ಆರಿಸಬೇಕು, ಕಿಟಕಿಯಿಂದ ಏರಿಯಲ್ ತಂತಿ ಹೊರಗೆ ಬಿಡಬೇಕು. ಸೊಸೈಟಿಯವರು ತಂತಿಗೆ ತಕರಾರು ತೆಗೆದಿದ್ದಾರೆ. ಆ ಜಗಳ ಗೆಳೆಯನೇ ಆಡುತ್ತಿದ್ದಾನೆ.

ನಿಮ್ಮಲ್ಲಿ ಯಾರಾದರೂ ಪೆಟ್ಟಿಗೆಗೆ ಆಗಲೇ ಬೋರ್ಡು ಕೂರಿಸಿದ್ದರೆ, ಕಿತ್ತ ಚಾಸಿ ಇನ್ನೂ ಮನೆಯಲ್ಲಿದ್ದರೆ ಭಂಗಾರಕ್ಕೆ ಹಾಕಬೇಡಿ. ವಾಲ್ವ್ ತೆಗೆದು ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಮೇಲಿನ ನಂಬರು ಅಳಿಸದಂತೆ ಇಡಿ. ಇಎಲ್ 84 ಇದ್ದರೆ ಸಂಪಾದಕರ ಮೂಲಕ ತಿಳಿಸಿ, ನನ್ನ ಬಳಿ ಎರಡು ಸೆಟ್ಟು ಅದಕ್ಕೇ ಕಾಯುತ್ತಿವೆ.